ಈಸ್ಟರ್ ಬೆಳಗಿನ ಆರಾಧನೆ: ಒಟ್ಟಿಗೇ ಹೋಗೋಣ

ಎಲ್ಲರಿಗೂ ಪ್ರೈಸ್ ದ ಲಾರ್ಡ್!

ಈಸ್ಟರ್ ಭಾನುವಾರ ಸೂರ್ಯೋದಯದ ಆರಾಧನೆಗೆ ನಾವು ಹುಡುಗಿಯರೆಲ್ಲ ಒಟ್ಟಿಗೇ ಗುಡ್ಡ ಹತ್ತೋಣ. ಬೆಳಗ್ಗೆ 4:30ಕ್ಕೆ ಚರ್ಚ್ ಗೇಟ್ ಹತ್ತಿರ ಸೇರಿ. ಹುಣ್ಣಿಮೆ ಕಳೆದ ಮೇಲಿನ ಭಾನುವಾರ ಅಲ್ವಾ, ಚಂದ್ರ ಇರುತ್ತಾನೆ. ಆದರೂ ಮರಗಳ ಕೆಳಗೆ ಕತ್ತಲೆ ಜಾಸ್ತಿ, ಟಾರ್ಚ್ ತನ್ನಿ. ಮೆಟ್ಟಿಲ ಮೇಲೆ ಇಬ್ಬನಿ ಬಿದ್ದರೆ ಜಾರುತ್ತದೆ, ಹೀಲ್ಸ್ ಬೇಡ. ಗಿಟಾರ್ ಹೊರುವವರ ಪಕ್ಕ ಒಬ್ಬರು ಬೆಳಕು ಹಿಡಿದು ನಡೆಯಿರಿ.

ಯೋಹಾನ 20ನೇ ಅಧ್ಯಾಯ ಯಾರು ಓದುತ್ತೀರಿ? ಇನ್ನೂ ಕತ್ತಲಿರುವಾಗಲೇ ಮಗ್ದಲದ ಮರಿಯಳು ಸಮಾಧಿಗೆ ಹೋದ ಭಾಗ ಅದು. ಅದನ್ನು ಆ ಹೊತ್ತಿನಲ್ಲೇ ಕೇಳಬೇಕು ಅಂತ ನನಗೆ ತುಂಬಾ ಆಸೆ.

ಕತ್ತಲಲ್ಲಿ ಒಬ್ಬೊಬ್ಬರೇ ಬರಬೇಡಿ. ಬರುವವರು, ಗಾಡಿ ಬೇಕಾದವರು ಗುಡ್ ಫ್ರೈಡೆ ಸಂಜೆಯೊಳಗೆ ಇಲ್ಲೇ ತಿಳಿಸಿ.