ಜಪಾನಿ ಹಾಡಿಗೆ ಕನ್ನಡ ಅಕ್ಷರ ಸಾಕಷ್ಟು ಅದಾವ್ರಿ

ಸಂಪಾದಕರಿಗೆ ನಮಸ್ಕಾರ್ರಿ,

ಹೋದ ತಿಂಗಳು ಹುಬ್ಬಳ್ಳಿಯೊಳಗ ಒಂದು ಕರೋಕೆ, ಅಂದ್ರ ಬರೇ ವಾದ್ಯದ ಟ್ರ್ಯಾಕ್ ಹಚ್ಚಿ ಹಾಡೂ ಸ್ಪರ್ಧಾ ಇತ್ತು. ನಮ್ಮ ಓಣಿ ಹುಡುಗಿ ಒಬ್ಬಾಕಿ, ಪಿಯುಸಿ ಓದಾಕಿ, ಜಪಾನಿ ಹಾಡು ಹಾಡ್ತೀನಿ ಅಂತ ಹೆಸರು ಕೊಟ್ಟಿದ್ದಳು. 2019ರಾಗ ಬಂದ ‘ಗುರೆಂಗೆ’, ಆನಿಮೆ, ಅಂದ್ರ ಜಪಾನಿ ಕಾರ್ಟೂನ್, ನೋಡೂ ಹುಡುಗರಿಗೆಲ್ಲ ಗೊತ್ತಿರೂ ಹಾಡು. ಸ್ಟೇಜ್ ಮ್ಯಾಲಿಂದ ಹೆಸರು ಕೂಗಿದವರು ಚೀಟಿ ನೋಡಿ ‘ಗುರೇಂಜ್’ ಅಂದ್ರು, ಮುಂದ ಕುಂತವರು ನಕ್ಕರು, ಹುಡುಗಿ ಅಲ್ಲೇ ಅರ್ಧ ಹೆದರಿದಳು. ಮೊಬೈಲ್‌ನಾಗ ಇಂಗ್ಲಿಷ್ ಅಕ್ಷರದಾಗ ಬರದದ್ದು ಓದಿಕೊಂತ ಹಾಡಾಕ ಹೋಗಿ ಎರಡನೇ ಸಾಲಿಗೇ ನಾಲಿಗಿ ತೊಡರಿತು, ಟ್ರ್ಯಾಕ್ ಮುಂದ ಓಡಿಹೋತು, ಯಾರೋ ಬಂದು ಮೈಕ್ ಇಸ್ಕೊಂಡು ‘ತಿಳಿಯೂ ಭಾಷಾದಾಗ ಏನರೆ ಹಾಡವಾ’ ಅಂತ ಕೆಳಗ ಕಳಿಸಿದ್ರು. ಆ ಕೂಸು ಚಿಗರಿ ಬಸ್ಸಿನಾಗ ಧಾರವಾಡ ಮುಟ್ಟೂ ತನಕ ಒಂದು ಮಾತು ಆಡ್ಲಿಲ್ಲ.

ಗುರೆಂಗೆ ಅಂದ್ರ ಕೆಂದಾವರೆ ಅಂತ ಅರ್ಥ್ರಿ. ಅಷ್ಟು ಚಂದ ಹೆಸರು. ಕನ್ನಡದಾಗ ಬರದಿದ್ರ ಯಾರೂ ತಪ್ಪು ಓದ್ತಿದ್ದಿಲ್ಲ.

ನಾ ಮೂವತ್ತು ವರ್ಷ ಕನ್ನಡ ಸಾಲಿಯೊಳಗ ಕಲಿಸಿದಾಕಿ, ಸಣ್ಣಾಕಿ ಇದ್ದಾಗ ಗದಗದಾಗ ಪೇಟಿ ಕಲತಾಕಿ. ಜಪಾನಿ ಭಾಷಾ ನನಗ ಗೊತ್ತಿದ್ದಿಲ್ಲ, ತಂಗಿ ಮಗಳು ಎರಡು ವರ್ಷದಿಂದ ಕಲಿಯಾಕತ್ತಾಳ, ಆಕಿ ಜೋಡಿ ಕುಂತು ನಾನೂ ಅಕ್ಷರ ಕಲತೆ, ಹಾಡು ಕಲತೆ, ಈಗ ವಾರಕ್ಕೊಮ್ಮೆ ನಮ್ಮ ಮನ್ಯಾಗ ಓಣಿ ಹೆಣ್ಣಮಕ್ಕಳು ಹುಡುಗರು ಎಲ್ಲಾ ಕೂಡಿ ಒಂದು ಕರೋಕೆ ಮೈಕ್ ಇಟಗೊಂಡು ಗಿರ್ಮಿಟ್ ತಿನಕೋತ ಹಾಡ್ತೀವಿ. ಆ ಅನುಭವದ ಮ್ಯಾಲೆ ಹೇಳೂದಂದ್ರ, ಜಪಾನಿ ಹಾಡು ಹಾಡೂದು ತಪ್ಪಲ್ಲ, ಆರಿಸೂ ರೀತಿ ತಿಳಕೋಬೇಕು, ಮತ್ತ ಅದನ್ನ ಕನ್ನಡ ಲಿಪಿಯೊಳಗ ಬರಕೋಬೇಕು.

ಲಿಪಿ ಮಾತು ಮೊದಲು ಹೇಳ್ತೀನಿ, ಯಾಕಂದ್ರ ಎಲ್ಲಾ ಎಡವಟ್ಟು ಅಲ್ಲೇ ಸುರು ಆಗ್ತದ. ಜಪಾನಿಯೊಳಗ ಸ್ವರ ಐದೇ, ಅ ಇ ಉ ಎ ಒ, ಅವಕ್ಕ ಹ್ರಸ್ವ ದೀರ್ಘ ಅದಾವು. ಹ್ರಸ್ವ ದೀರ್ಘ ತಪ್ಪಿದ್ರ ಅರ್ಥನೇ ಬದಲಿ. ‘ಒಜಿಸನ್’ ಅಂದ್ರ ಕಾಕಾ, ‘ಒಜೀಸನ್’ ಅಂದ್ರ ಅಜ್ಜ. ‘ಕಿತೆ’ ಅಂದ್ರ ಬಾ, ‘ಕಿತ್ತೆ’ ಅಂದ್ರ ಅಂಚೆ ಚೀಟಿ. ಇಂಗ್ಲಿಷ್ ಅಕ್ಷರದಾಗ ಹ್ರಸ್ವ ಯಾವುದು ದೀರ್ಘ ಯಾವುದು ತಿಳಿಯೂದು ಕಷ್ಟ, ಹಿಂದಿ ಬರಿಯೂ ಲಿಪಿಯೊಳಗ ಸಣ್ಣ ಎ, ಸಣ್ಣ ಒ ರೂಢಿಯೊಳಗ ಇಲ್ಲ. ನಮ್ಮ ಹಂತೇಕ ಎ ಏ, ಒ ಓ ಎಲ್ಲಾ ಅದಾವು, ಒತ್ತಕ್ಷರ ಐತಿ, ಸೊನ್ನಿ ಐತಿ. ಆ ಸೊನ್ನಿ ನೋಡ್ರಿ, ಅವರ ಭಾಷಾದಾಗೂ ಹಂಗ ಒಂದು ಅಕ್ಷರ ಐತಿ, ಬ ಮುಂದ ಬಂದ್ರ ಮ್ ಅನಸ್ತದ, ತ ಮುಂದ ಬಂದ್ರ ನ್ ಅನಸ್ತದ, ನಮ್ಮ ಅಂಬಲಿ, ಅಂತ ಇದ್ದಂಗನೇ. ಕೆಂಪು ಏರೋಪ್ಲೇನ್ ಚಿಟ್ಟಿ ಮ್ಯಾಲಿನ ‘ಅಕತೊಂಬೊ’ ಹಾಡಿನ ಹೆಸರು ಇಂಗ್ಲಿಷಿನಾಗ ಎನ್ ಹಾಕಿ ಬರೀಬೇಕೋ ಎಮ್ ಹಾಕಿ ಬರೀಬೇಕೋ ಅಂತ ಜಗಳ, ನಮಗ ಒಂದು ಸೊನ್ನಿ ಇಟ್ರ ಮುಗೀತು.

ಇನ್ನೊಂದು ಕಂಡದ್ದು ಹೇಳಿದ್ರ ಕನ್ನಡ ಕಲಿಸೂ ಮೇಷ್ಟ್ರು ಎಲ್ಲಾರಿಗೂ ಖುಷಿ ಆಗ್ತದ. ಜಪಾನಿ ಹಾಡಿನಾಗ ತಾಳಕ್ಕ ಅಕ್ಷರ ಕೂಡಸೂ ಲೆಕ್ಕ ನಮ್ಮ ಲಘು ಗುರು ಲೆಕ್ಕಾನೇ. ‘ಅಕತೊಂಬೊ’ ಅವರಿಗೆ ಐದು ಎಣಿಕಿ, ನಮ್ಮ ಮಾತ್ರೆ ಹಾಕಿ ನೋಡ್ರಿ, ಅ ಒಂದು, ಕ ಒಂದು, ತೊಂ ಎರಡು, ಬೊ ಒಂದು, ಒಟ್ಟು ಐದು. ‘ತೋಕ್ಯೋ’ ಅವರಿಗೆ ನಾಕು, ನಮಗೂ ಎರಡು ಗುರು ಕೂಡಿ ನಾಕು. ‘ಕಿತ್ತೆ’ ಮೂರು, ನಮಗೂ ಮೂರು. ಛಂದಸ್ಸು ಕಲತ ಎಂಟನೇತ್ತೆ ಹುಡುಗನ ಕೈಯಾಗ ಜಪಾನಿ ಹಾಡು ಕೊಟ್ರ ಪ್ರಸ್ತಾರ ಹಾಕಿ ಸಾಲು ಎಲ್ಲಿ ಮುರೀಬೇಕು ಅಂತ ತಾನೇ ಹೇಳ್ತಾನ. ಅವರ ಅಕ್ಷರ ಜೋಡಣಿ ಸುದ್ದಾ ಅ ಇ ಉ ಎ ಒ, ಕ ಕಿ ಕು ಕೆ ಕೊ ಅಂತ ಕಾಗುಣಿತದಂಗ ಹೋಗ್ತದ, ಬೌದ್ಧ ಭಿಕ್ಷುಗಳ ಜೋಡಿ ಹೋದ ಸಂಸ್ಕೃತ ಅಕ್ಷರ ಕಲಿಕಿ ಆ ಜೋಡಣಿ ಹಿಂದ ಐತಿ.

ಇನ್ನ ಯಾವ ಹಾಡು ಆರಿಸಬೇಕು. ಆನಿಮೆ ಹಾಡು ಬ್ಯಾಡ ಅನ್ನಂಗಿಲ್ಲ ನಾ, ಆದ್ರ ಅವು ಭಾಳ ಜೋರು ಓಡ್ತಾವು, ಪಲ್ಲವಿ ಒಮ್ಮೆಲೇ ತಾರಕ್ಕ ಏರ್ತದ, ಅವನ್ನ ಮೊದಲನೇ ಹಾಡು ಅಂತ ಹಿಡಿಯೂದು ಅಂದ್ರ ಈಜು ಕಲಿಯಾಕ ಸೀದಾ ಉಣಕಲ್ ಕೆರಿಗೆ ಹಾರಿದಂಗ. ಮೊದಲು ಐದು ಸ್ವರದ ಹಾಡು ಹಿಡೀರಿ. ಜಪಾನಿಯೊಳಗ ‘ಯೊನನುಕಿ’ ಅಂತಾರ, ನಾಕನೇದು ಏಳನೇದು ತಗದದ್ದು ಅಂತ ಅರ್ಥ. ನಾಕನೇದು ಮ, ಏಳನೇದು ನಿ, ಅವೆರಡು ತಗದ್ರ ಉಳಿಯೂದು ಸ ರಿ ಗ ಪ ಧ, ಅಂದ್ರ ನಮ್ಮ ಭೂಪ! ನಮ್ಮ ಕಡೆ ಸಂಗೀತ ಕಲಿಯಾಕ ಕುಂತ ಕೂಸಿಗೆ ಮೊದಲು ಹೇಳಿಕೊಡೂ ರಾಗ. ‘ಅಕತೊಂಬೊ’ಕ್ಕ ಯಮದ ಕೋಸಕು ಅವರು 1927ರಾಗ ರಾಗ ಹಾಕ್ಯಾರ, ಪೇಟಿ ಮ್ಯಾಲೆ ಬಾರಿಸಿ ನೋಡಿದೆ, ಪೂರಾ ಆ ಐದ ಸ್ವರ. ಹಳೇ ‘ಸಕುರ ಸಕುರ’ ಬ್ಯಾರೆ ಥರ, ಅದರ ಐದು ಸ್ವರ ನಮ್ಮ ಗುಣಕಲಿ ರಾಗದ ಸ್ವರ, ರಿ ಧ ಕೋಮಲ, ಗ ನಿ ಇಲ್ಲ. ರಾಗ ಒಂದೇ ಅಂತ ಹೇಳಾಕತ್ತಿಲ್ಲ, ಚಲನ್, ಅಂದ್ರ ಸ್ವರ ನಡಸೂ ರೀತಿ, ಬ್ಯಾರೆನೇ, ಆದ್ರ ಕಿವಿಗೆ ಪರಕೀಯ ಅನಸಂಗಿಲ್ಲ, ನಮ್ಮವ್ವಗ ಎಂಬತ್ತು ದಾಟ್ಯಾವು, ಆಕಿ ‘ಇದು ಮುಂಜಾನೆ ಹಾಡಿದ್ದಂಗ ಐತಿ’ ಅಂದಳು.

ಪಟ್ಟಿ, ಅಂದ್ರ ದನಿಯ ಸ್ಕೇಲ್, ನೋಡಿ ಆರಿಸ್ರಿ. ‘ಅಕತೊಂಬೊ’ ಕೇಳಾಕ ಸರಳ, ಹಾಡಾಕ ಕೂತ್ರ ಮಂದ್ರ ಪಂಚಮದಿಂದ ತಾರ ಷಡ್ಜದ ತನಕ, ಅಂದ್ರ ತಗ್ಗಿನ ಪ ದಿಂದ ಎತ್ತರದ ಸ ತನಕ, ಹೋಗ್ತದ, ಮೊದಲನೇ ಸಾಲಿನಾಗೇ. ಮೂಲ ಪಟ್ಟಿಯೊಳಗೇ ಹಾಡ್ತೀನಿ ಅಂತ ಹಟ ಬ್ಯಾಡ, ಕರೋಕೆ ಮಶೀನಿನಾಗೂ ಮೊಬೈಲ್ ಆ್ಯಪ್‌ನಾಗೂ ಸ್ಕೇಲ್ ಇಳಸೂ ಬಟನ್ ಇರ್ತದ. ಹೆಣ್ಣಮಕ್ಕಳು ಎತ್ತರದಾಗೇ ಹಾಡಬೇಕು ಅನ್ನೂದು ಎಲ್ಲಿಂದ ಬಂತೋ, ಗಂಗೂಬಾಯಿ ಹಾನಗಲ್ ಅವರು ಆ ಗಡಸು ತಗ್ಗಿನ ದನಿಯೊಳಗ ಹಾಡಿ ಜಗತ್ತಿಗೆ ಗೊತ್ತಾದ ಊರಿದು.

ಮನಸಿಗೆ ಹತ್ತೂ ಹಾಡು ಅಂದ್ರ 1961ರ ‘ಉಎ ಒ ಮುಇತೆ ಅರುಕೋ’, ಸಕಮೊತೊ ಕ್ಯೂ ಹಾಡಿದ್ದು. ಕಣ್ಣೀರು ಕೆಳಗ ಬೀಳದಂಗ ಮ್ಯಾಲೆ ನೋಡಿಕೊಂತ ನಡಿಯೂನು ಅನ್ನೂ ಅರ್ಥ. 1963ರ ಜೂನ್‌ನಾಗ ಅಮೆರಿಕಾದ ಬಿಲ್‌ಬೋರ್ಡ್ ಪಟ್ಟಿಯೊಳಗ ಒಂದನೇ ನಂಬರಿಗೆ ಬಂತು, ಅದೂ ಜಪಾನಿ ಭಾಷಾದಾಗೇ. ಆದ್ರ ಅಲ್ಲಿ ಅದಕ್ಕ ‘ಸುಕಿಯಕಿ’ ಅಂತ ಒಂದು ಅಡಗಿ ಹೆಸರು ಇಟ್ಟುಬಿಟ್ರು, ಹಾಡಿಗೂ ಆ ಅಡಗಿಗೂ ಸಂಬಂಧನೇ ಇಲ್ಲ. ಅದಕ್ಕ ನಾ ಹೇಳೂದು, ಹಾಡು ಹಾಡೂಮುಂದ ಅದರ ಖರೇ ಹೆಸರು ಹೇಳ್ರಿ, ಒಂದು ಸಾಲು ಅರ್ಥ ಹೇಳ್ರಿ, ಆಮ್ಯಾಲೆ ಹಾಡ್ರಿ. ಕೇಳವರು ನಗಂಗಿಲ್ಲ.

ಹೆಸರು ಬಾಯಿಪಾಠ ಆಗಬೇಕಂದ್ರ ಆಟ ಆಡ್ರಿ. ನಮ್ಮ ಅಂತಾಕ್ಷರಿ ಇದ್ದಂಗ ಅವರ ‘ಶಿರಿತೊರಿ’, ಕಡೀ ಅಕ್ಷರ ಹಿಡಕೊಂಡು ಮುಂದಿನ ಶಬ್ದ ಹೇಳೂದು, ಹೇಳಿದ್ದು ಮತ್ತ ಹೇಳಂಗಿಲ್ಲ. ನಾವು ಅದನ್ನ ಹಾಡಿನ ಹೆಸರಿನ ಮ್ಯಾಲೆ ಆಡ್ತೀವಿ. ಅಂತಾಕ್ಷರಿಯೊಳಗ ಳ ಬಂದ್ರ ಲ, ಣ ಬಂದ್ರ ನ ತಗೋ ಅಂತ ಬಿಟ್ಟುಕೊಡ್ತೀವಲ್ರಿ, ಅಲ್ಲಿ ಹಂಗಿಲ್ಲ, ಆ ಸೊನ್ನಿ ಅಕ್ಷರದಿಂದ ಜಪಾನಿ ಶಬ್ದ ಸುರು ಆಗಂಗಿಲ್ಲ, ಹಿಂಗಾಗಿ ಅದರಿಂದ ಮುಗಿಯೂ ಶಬ್ದ ಹೇಳಿದವರು ಸೋತಂಗ. ಮೊನ್ನೆ ಒಬ್ಬ ಹುಡುಗ 1914ರ ಸಾಲಿ ಹಾಡು ‘ಫುರುಸತೊ’ ಅಂದ, ತೊ ಹಿಡದು ಇನ್ನೊಬ್ಬಾಕಿ ‘ತೊನರಿ ನೊ ತೊತೊರೊ’ ಅಂದಳು, ರೊ ಹಿಡದು ಆ ಹುಡುಗ ತಾ ಭಾಳ ಜಾಣ ಅಂತ ‘ರೊಬಿನ್‌ಸನ್’ ಅಂದ, 1995ರ ಹಾಡು, ಖರೇನೂ ಐತಿ, ಕಡೀಕ ಸೊನ್ನಿ, ಔಟ್. ‘ಲೆಮೊನ್’ ಅಂದ್ರೂ ಅದೇ ಗತಿ. ಡೊರೆಮಾನ್ ಹೆಸರು ಹೇಳಿ ದಿನಾ ಸೋಲೂ ಸಣ್ಣ ಹುಡುಗರು ನಮ್ಮಲ್ಲಿ ಅದಾರ.

ಜಗಳ ಬರೂದು ದೀರ್ಘದ ಮ್ಯಾಲೆ. ‘ಅರುಕೋ’ ಅಂದಾಗ ಕಿವಿಗೆ ಓ ಕೇಳಿದ್ರೂ ಅವರು ಬರಿಯೂಮುಂದ ಕಡೀಕ ಉ ಬರೀತಾರ. ಹಂಗಾಗಿ ನಾವು ಮೊದಲೇ ನಿಯಮ ಮಾಡೀವಿ, ಅವರ ಬರವಣಿಗಿ ನೋಡಿ ತೀರ್ಪು. ಹಂಗ ಆಡಿದ್ರ ಸರಪಳಿ ಭಾಳ ಚಂದ ಬೆಳೀತದ, ‘ನದ ಸೋಸೋ’ ಉಕ್ಕ ಮುಗೀತದ, ಅಲ್ಲಿಂದ ‘ಉಎ ಒ ಮುಇತೆ ಅರುಕೋ’, ಮತ್ತ ಉ, ಅದಕ್ಕ ‘ಉಮಿ’ ಅಂದ್ರ ಸಮುದ್ರ, ಮಿ ಹಿಡದು 1946ರ ‘ಮಿಕನ್ ನೊ ಹನ ಸಕು ಒಕ’, ಅಂದ್ರ ಕಿತ್ತಳಿ ಹೂ ಅರಳೂ ಗುಡ್ಡ, ಕ ಹಿಡದು ‘ಕವ ನೊ ನಗರೆ ನೊ ಯೋ ನಿ’, ಹೊಳಿ ಹರಿದಂಗ. ಒಂದು ತಾಸು ಆಡಿದ್ರ ಕರೋಕೆಗೆ ಹತ್ತು ಹಾಡು ತಾವೇ ಸಿಗತಾವು.

ಈ ಕರೋಕೆ ಅನ್ನೂದೇ ಜಪಾನಿ ಶಬ್ದ, ಕರ ಅಂದ್ರ ಖಾಲಿ, ಒಕೆ ಅಂದ್ರ ಆರ್ಕೆಸ್ಟ್ರಾ ಶಬ್ದದ ತುಂಡು. 1971ರಾಗ ಕೋಬೆ ಊರಾಗ ಇನೊಉಎ ದೈಸುಕೆ ಅನ್ನೂ ವಾದ್ಯ ಬಾರಸಾಂವ ಇದರ ಮಶೀನ್ ಮಾಡಿದ, ಪೇಟೆಂಟ್ ಮಾಡಿಸಲಿಲ್ಲ. ಅವರ ಕಡೆಯಿಂದ ಬಂದ ಮೈಕ್ ಹಿಡದು ಅವರ ಹಾಡು ಹಾಡಿದ್ರ ಅರ್ಧಕ್ಕ ಇಳಸೂದು ನ್ಯಾಯ ಅಲ್ರಿ.

ಸಂಪಾದಕರ ಹಂತೇಕ ನನ್ನದೊಂದು ವಿನಂತಿ ಐತಿ. ಮಕ್ಕಳ ಪುರವಣಿಯೊಳಗ ವಾರಕ್ಕೊಂದು ಹೊರದೇಶದ ಹಾಡಿನ ಹೆಸರು ಕನ್ನಡ ಅಕ್ಷರದಾಗ, ಹ್ರಸ್ವ ದೀರ್ಘ ಸರಿ ಇಟ್ಟು, ಅರ್ಥ ಮತ್ತ ಸ್ವರ ಕೂಡಿಸಿ ಹಾಕ್ರಿ. ಸ್ಪರ್ಧಾ ನಡಸಾವರು ಹೆಸರಿನ ಚೀಟಿ ಕನ್ನಡದಾಗೇ ಇಸ್ಕೊಳ್ಳಲಿ. ನಮ್ಮ ಹುಡುಗಿ ಈಗ ‘ಅಕತೊಂಬೊ’ ಕಲತಾಳ, ಪೇಟಿಯ ಬಿಳಿ ಎರಡರ ಪಟ್ಟಿಗೆ ಇಳಿಸಿಕೊಂಡಾಳ, ಮುಂದಿನ ಸಲ ಅದೇ ಸ್ಟೇಜಿಗೆ ಹೋಗ್ತೀನಿ ಅಂತಾಳ. ಆಟ ‘ನಿ’ ಅಕ್ಷರಕ್ಕ ನಿಂತೈತಿ, ಗದಗ ಹಾವೇರಿ ಕಡೆ ಓದುಗರಿಗೆ ಹೆಸರು ಹೊಳದ್ರ ನಿಮ್ಮ ಪತ್ರಿಕೆಗೆ ಬರೀಲಿ, ನಾವು ಓದಿ ಮುಂದ ಆಡ್ತೀವಿ.

ನಿವೃತ್ತ ಶಿಕ್ಷಕಿ, ಧಾರವಾಡ