ಟೇಪಿನ ಜಾಯಿಂಟ್ ಗಟ್ಟಿ ಇದೆ, ಆದರೆ ಟೇಪೇ ಹಾಳಾಗಿದೆ

ಸೇವಾ ವಿಭಾಗದವರಿಗೆ,

ನಮಸ್ಕಾರ. ನೀವು ಜಾಯಿಂಟ್ ಮಾಡಿ ಕಳಿಸಿದ ರೆಬ್ಕೋ ಸೂಪರ್‌ಕಂಡಕ್ಟರ್ ಟೇಪಿನ (ತುಂಬಾ ತಣ್ಣಗಾದಾಗ ರೆಸಿಸ್ಟೆನ್ಸ್ ಇಲ್ಲದೆ ಕರೆಂಟ್ ಹೊರುವ ಪಟ್ಟಿ) ಬಗ್ಗೆ ಈ ದೂರು. ಬೆಳಗಾವಿಯ ನಮ್ಮ ಕಾಲೇಜಿನಲ್ಲಿ ಹುಡುಗರು ಪ್ರಾಜೆಕ್ಟಿಗೆ ಕಾಯಿಲ್ ಸುತ್ತಬೇಕಿತ್ತು, ಈಗ ಎಲ್ಲಾ ಕೆಲಸ ನಿಂತಿದೆ.

ಕಾಯಿಲ್ ಸುತ್ತುವ ಮೊದಲು ಟೇಪನ್ನು ಲಿಕ್ವಿಡ್ ನೈಟ್ರೋಜನ್‌ನಲ್ಲಿ, ಅಂದರೆ ಮೈನಸ್ 196 ಡಿಗ್ರಿಯಲ್ಲಿ ಮುಳುಗಿಸಿ ಕರೆಂಟ್ ಕೊಟ್ಟೆವು. ಮುಳುಗಿಸಿದಾಗಿನ ಕುದಿತ ನಿಂತ ಮೇಲೂ ಜಾಯಿಂಟ್ ಇರುವ ಜಾಗದಿಂದ ಮಾತ್ರ ಗುಳ್ಳೆ ಏಳುತ್ತಲೇ ಇತ್ತು. ಅಲ್ಲಿ ಕರೆಂಟ್ ಏರಿಸಿದಷ್ಟೂ ವೋಲ್ಟೇಜ್ ಮೊದಲಿಂದಲೇ ಏರುತ್ತದೆ, ಅದು ಜಾಯಿಂಟಿನ ರೆಸಿಸ್ಟೆನ್ಸ್. ಅದರ ಪಕ್ಕದ ಟೇಪಿನಲ್ಲಿ ಸ್ವಲ್ಪ ಹೊತ್ತು ಏನೂ ಇಲ್ಲ, ಆಮೇಲೆ ಇರಬೇಕಾದ್ದಕ್ಕಿಂತ ತುಂಬಾ ಕಡಿಮೆ ಕರೆಂಟಿಗೇ ವೋಲ್ಟೇಜ್ ಒಮ್ಮೆಲೇ ಜಿಗಿಯುತ್ತದೆ. ಅಂದರೆ ಟೇಪ್ ಕೂಡ ಸುಟ್ಟಿದೆ.

ಒಂದು ಜಾಯಿಂಟ್ ಬಿಚ್ಚಿ ನೋಡಿದೆವು. ಒಂದು ಟೇಪಿನ ಬೆನ್ನಿಗೆ ಇನ್ನೊಂದರ ಮುಖ ಕೂಡಿಸಿದ್ದೀರಿ! ಹೊರಗೆ ಎರಡೂ ಕಡೆ ತಾಮ್ರವೇ ಕಾಣುತ್ತದೆ, ನಿಜ. ಆದರೆ 0.1 ಮಿ.ಮೀ. ದಪ್ಪದ ಟೇಪಿನಲ್ಲಿ ಕರೆಂಟ್ ಹೊರುವ ಪದರ ಒಂದೆರಡು ಮೈಕ್ರಾನ್ ಅಷ್ಟೇ, ಅದೂ ಮುಖದ ಕಡೆ ಮಾತ್ರ ಇರುತ್ತದೆ, ಬೆನ್ನ ಕಡೆ ಇರುವುದು ಹ್ಯಾಸ್ಟಲಾಯ್ ಎಂಬ ನಿಕಲ್ ಮಿಶ್ರಲೋಹ ಮತ್ತು ಕರೆಂಟ್ ಬಿಡದ ಆಕ್ಸೈಡ್ ಪದರಗಳು. ಮುಖಕ್ಕೆ ಮುಖ ಕೂಡಿಸಿದ್ದರೆ ಹತ್ತಾರು ನ್ಯಾನೋ ಓಮ್‌ನಲ್ಲಿ ಮುಗಿಯುತ್ತಿತ್ತು. ಇಲ್ಲಿ ಮೈಕ್ರೋ ಓಮ್ ಲೆಕ್ಕದಲ್ಲಿ ಬರುತ್ತಿದೆ.

ತಾಮ್ರ ಕಪ್ಪಾಗಿದೆ, ಬೆಸುಗೆ ಒಂದು ಕಡೆ ಗಂಟು ಕಟ್ಟಿದೆ. ಬಿಸಿ ಕಂಟ್ರೋಲ್ ಇಲ್ಲದ ಸೋಲ್ಡರಿಂಗ್ ಐರನ್ ಇಟ್ಟಿದ್ದೀರಿ ಅನ್ನಿಸುತ್ತದೆ. ಬಿಸಿ 200 ಡಿಗ್ರಿ ದಾಟಿದ ಮೇಲೆ ಹೊತ್ತು ಕಳೆದಂತೆ ಕರೆಂಟ್ ಹೊರುವ ಆ ಪದರದಿಂದ ಆಕ್ಸಿಜನ್ ಹೊರಗೆ ಹೋಗುತ್ತದೆ, ತಣ್ಣಗಾದ ಮೇಲೆ ತಾನಾಗಿ ವಾಪಸ್ ಬರಲ್ಲ, ಆಕ್ಸಿಜನ್ ಕಡಿಮೆಯಾದರೆ ಕರೆಂಟ್ ಹೊರುವ ಶಕ್ತಿಯೂ ಇಳಿಯುತ್ತದೆ. 118 ಡಿಗ್ರಿಗೇ ಕರಗುವ ಇಂಡಿಯಮ್-ತವರ ಬೆಸುಗೆ ಇದೆ, 183ಕ್ಕೆ ಕರಗುವ ತವರ-ಸೀಸವೂ ಇದೆ, ಹಾಗಿರುವಾಗ ಇಷ್ಟು ಬಿಸಿ ಯಾಕೆ ಬೇಕಿತ್ತು?

ಫೋನಿನಲ್ಲಿ ನಿಮ್ಮವರು "ಎಳೆದರೂ ಬಿಡಲ್ಲ ಸರ್, ಗಟ್ಟಿ ಇದೆ" ಎಂದರು. ಎಳೆದು ನೋಡುವುದಕ್ಕೆ ಅದೇನು ಬಾವಿ ಹಗ್ಗವೇ? ತಣ್ಣಗೆ ಮಾಡಿ ಕರೆಂಟ್ ಬಿಟ್ಟು ನೋಡದೆ ಜಾಯಿಂಟ್ ಚೆನ್ನಾಗಿದೆ ಅಂತ ಹೇಳುವುದು ಹೇಗೆ? ಇಂಥ ದುಬಾರಿ ಟೇಪನ್ನು ಸುಮ್ನೆ ಸುಟ್ಟು ಕಳಿಸಿದ್ದು ತುಂಬಾ ಬೇಜಾರಾಗಿದೆ.

ಹಾಳಾದಷ್ಟು ಉದ್ದದ ಹೊಸ ಟೇಪ್ ಕೊಡಿ. ಮುಖಕ್ಕೆ ಮುಖ ಇಟ್ಟು, ಬಿಸಿ ಕಂಟ್ರೋಲ್ ಇರುವ ಬ್ಲಾಕಿನಲ್ಲಿ ಸಮನಾಗಿ ಒತ್ತಿ ಹೊಸದಾಗಿ ಜಾಯಿಂಟ್ ಮಾಡಿ, ಪ್ರತಿ ಜಾಯಿಂಟಿಗೂ ಲಿಕ್ವಿಡ್ ನೈಟ್ರೋಜನ್‌ನಲ್ಲಿ ಮಾಡಿದ ಟೆಸ್ಟ್ ರಿಪೋರ್ಟ್ ಜೊತೆಗೆ ಕಳಿಸಿ. ಇದಕ್ಕೆ ಮತ್ತೆ ದುಡ್ಡು ಕೊಡುವುದಿಲ್ಲ. ಹಾಳಾದ ತುಂಡುಗಳನ್ನು ಎತ್ತಿಟ್ಟಿದ್ದೇವೆ, ನಿಮ್ಮ ಇಂಜಿನಿಯರ್ ಬಂದರೆ ಅವರ ಎದುರಿಗೇ ಮುಳುಗಿಸಿ ತೋರಿಸುತ್ತೇವೆ. ಯಾವಾಗ ಬರುತ್ತಾರೆ ಅಂತ ಬರೆದು ತಿಳಿಸಿ.