ಮೇರು ಪರ್ವತದ ಬುಡದಲ್ಲಿ ಮೂಳೆ ಕುಟ್ಟಿದ್ದು

ಚಳ್ಳಕೆರೆ
ಭಾನುವಾರ ಸಂಜೆ

ಪ್ರೀತಿಯ ಗೆಳೆಯ,

"ಮೂರು ತಿಂಗಳು ಆಫ್ರಿಕಾದಲ್ಲಿ ಏನು ಸೇವೆ ಮಾಡಿದೆಯಪ್ಪಾ, ನಾನೂ ಹೋಗಲಾ?" ಅಂತ ಮೊನ್ನೆ ಫೋನಿನಲ್ಲಿ ಕೇಳಿದೆಯಲ್ಲ. ಆಗ ಹೇಳಲು ಆಗಲಿಲ್ಲ. ಅಮ್ಮ ಪಕ್ಕದಲ್ಲೇ ಕೂತಿದ್ದಳು.

ನಾನಿದ್ದದ್ದು ಟಾಂಜಾನಿಯಾದ ಉತ್ತರಕ್ಕೆ, ಅರುಶಾ ಪಟ್ಟಣದ ಆಚೆಗಿನ ಒಂದು ಹಳ್ಳಿಯಲ್ಲಿ. ಎದುರಿಗೇ ದೊಡ್ಡ ಬೆಟ್ಟ. ಹೆಸರು ಕೇಳಿದರೆ ನಗುತ್ತೀಯ, ಮೇರು ಪರ್ವತ! 4,562 ಮೀಟರ್ ಎತ್ತರ. ನಮ್ಮ ಪುರಾಣದ್ದಲ್ಲ, ಬೆಂಕಿ ಉಗುಳುವ ಜಾತಿಯದು. ಕೊನೆಯ ಸಲ ಉಗುಳಿದ್ದು 1910ರಲ್ಲಿ. ಆ ಕಲ್ಲು, ಬೂದಿಯಿಂದಲೇ ಅಲ್ಲಿನ ನೀರಿಗೆ ಫ್ಲೋರೈಡ್ ಸೇರುತ್ತದೆ, ಜಾಸ್ತಿಯಾದರೆ ಹಲ್ಲು ಕಂದಾಗಿಸಿ ಮೂಳೆ ಕೆಡಿಸುವ ಲವಣ. ನಮ್ಮ ಕಡೆ ಬೋರ್ ಆಳಕ್ಕೆ ಹೋದಂತೆ ಬಂಡೆಯಿಂದ ಬರುತ್ತಲ್ಲ, ಅದೇ ಸರಕು. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನೀರಿಗೆ ಅದು ಗೊತ್ತಿಲ್ಲ.

ಮೊದಲ ದಿನ ಶಾಲೆ ಮಕ್ಕಳು ಸಾಲಾಗಿ ನಿಂತು ನಕ್ಕರು. ಹಲ್ಲಿನ ತುಂಬ ಕಂದು ಗೆರೆ. ನನ್ನ ಹಲ್ಲು ನಿನಗೆ ಗೊತ್ತೇ ಇದೆ, ಪಿಯುಸಿ ಗ್ರೂಪ್ ಫೋಟೋದಲ್ಲಿ ತುಟಿ ಬಿಗಿದುಕೊಂಡು ನಿಂತವನು ನಾನೊಬ್ಬನೇ. ಅಲ್ಲಿ ನಾನೂ ನಕ್ಕುಬಿಟ್ಟೆ. ಒಬ್ಬ ಹುಡುಗಿ ಹತ್ತಿರ ಬಂದು ನನ್ನ ಬಾಯನ್ನೇ ದಿಟ್ಟಿಸಿದಳು. ಆಮೇಲೆ ತನ್ನ ಹಲ್ಲಿನ ಮೇಲೆ ಬೆರಳಿಟ್ಟು ತೋರಿಸಿದಳು. ಅಷ್ಟೇ, ಪರಿಚಯ ಆಯಿತು.

ಅಲ್ಲೊಂದು ಗಾದೆ ಇದೆ. ನೆಂಟ ಎರಡು ದಿನ, ಮೂರನೇ ದಿನ ಅವನ ಕೈಗೆ ಗುದ್ದಲಿ ಕೊಡು. ನನಗೆ ಮೂರನೇ ದಿನ ಕೊಟ್ಟದ್ದು ಸುತ್ತಿಗೆ. ಎದುರಿಗೆ ಒಂದು ರಾಶಿ ಮೂಳೆ. ದನದ್ದು ಕಣೋ! ಮೂಳೆಯನ್ನು ಸುಟ್ಟು ಇದ್ದಿಲು ಮಾಡಿ, ಕುಟ್ಟಿ, ಡ್ರಮ್ಮಿಗೆ ತುಂಬಿ ಅದರೊಳಗೆ ನೀರು ಇಳಿಸಿದರೆ ಫ್ಲೋರೈಡ್ ಇದ್ದಿಲಿಗೆ ಅಂಟಿಕೊಳ್ಳುತ್ತದೆ. ಸುಡುವುದು ಹದ ತಪ್ಪಿದರೆ ನೀರು ನಾತ ಹೊಡೆಯುತ್ತದೆ. ನಾವು ಸುಟ್ಟ ಮೊದಲ ಗೂಡು ಹಾಗೇ ಆಯಿತು. ಮೊಟ್ಟೆ ಕೂಡ ಹೊಸ್ತಿಲು ದಾಟದ ಮನೆಯವನು ನಾನು. ಒಂದು ವಾರ ಬಾಟಲಿ ನೀರು ಕುಡಿದೆ. ಆಮೇಲೆ ನನಗೇ ನಾಚಿಕೆಯಾಗಿ ಡ್ರಮ್ಮಿನ ನೀರೇ ಕುಡಿದೆ. ಅಮ್ಮನಿಗೆ ಮಾತ್ರ ಹೇಳಬೇಡ ಮಾರಾಯ.

ಊಟದ ಚಿಂತೆ ಇರಲಿಲ್ಲ. ನಿಮ್ಮ ದಾವಣಗೆರೆ ಕಡೆ ಮೆಕ್ಕೆಜೋಳ ಬೆಳೆದು ಕೋಳಿಗೆ ಹಾಕುತ್ತೀರಿ. ಅಲ್ಲಿ ಅದರದೇ ಮುದ್ದೆ, ಉಗಾಲಿ ಅಂತಾರೆ. ನಾನು ಅಗಿಯದೆ ನುಂಗಿದ್ದು ನೋಡಿ ಗಾಬರಿಯಾದರು.

ಒಂದು ಸಲ ಮಾತ್ರ ಚೆನ್ನಾಗಿ ಮಂಗಳಾರತಿ ಆಯಿತು. ಕಾಳು ಬೇಗ ಬೇಯಲಿ ಅಂತ ಅಲ್ಲಿನವರು ಮಗಾಡಿ ಎಂಬ ಸೋಡಾ ಹಾಕುತ್ತಾರೆ. ಅದರಲ್ಲೂ ಫ್ಲೋರೈಡ್ ಜಾಸ್ತಿ. ಹಾಕಬೇಡಿ ಅಜ್ಜಿ ಅಂತ ಮೇಷ್ಟರ ಕೈಲಿ ಹೇಳಿಸಿದೆ. ಅಜ್ಜಿ ಒಲೆ ಊದುವುದು ನಿಲ್ಲಿಸಿ ಕೇಳಿದಳು: "ಸರಿ, ಇನ್ನೊಂದು ಹೊರೆ ಸೌದೆ ನೀನು ತರ್ತೀಯಾ?" ನಾನು ತರಬಹುದಿತ್ತು, ಮೂರು ತಿಂಗಳು. ಆಮೇಲೆ?

ನಿಜ ಹೇಳಬೇಕೆಂದರೆ, ಡ್ರಮ್ಮು ನಡೆಸುವುದು ನಾವು ಹೊರಗಿನವರಲ್ಲ. ಅಲ್ಲಿಯೇ ಒಬ್ಬ ಹೆಂಗಸಿದ್ದಾಳೆ. ಬಿಂದಿಗೆಗೆ ಇಷ್ಟು ಅಂತ ಚಿಲ್ಲರೆ ತೆಗೆದುಕೊಂಡು ಪುಸ್ತಕದಲ್ಲಿ ಬರೆದಿಡುತ್ತಾಳೆ. ಇದ್ದಿಲು ಸತ್ತುಹೋಗುತ್ತದೆ, ಆಗಾಗ ಬದಲಾಯಿಸಬೇಕು. ಆ ದುಡ್ಡು ಅದಕ್ಕೆ. ಮೊನ್ನೆ ವಾಟ್ಸಾಪಿನಲ್ಲಿ ಹೊಸ ಇದ್ದಿಲಿನ ಫೋಟೋ ಕಳಿಸಿದ್ದಳು.

ಫೋಟೋ ನೋಡುವಾಗ ನಾನು ನಮ್ಮೂರ ಶುದ್ಧ ನೀರಿನ ಘಟಕದ ಕಟ್ಟೆ ಮೇಲೆ ಕೂತಿದ್ದೆ. ಕಾಯಿನ್ ಹಾಕುವ ತೂತಿನಲ್ಲಿ ಜೇಡ ಬಲೆ ಕಟ್ಟಿದೆ. ಬಾಗಿಲಿಗೆ ಬೀಗ. ಅಜ್ಜಿಯರು ಮತ್ತೆ ಬೋರ್ ನೀರೇ ಹೊರುತ್ತಿದ್ದಾರೆ.

ಹೋಗುವುದಾದರೆ ಹೋಗು, ನಾನು ಬೇಡ ಅನ್ನುವುದಿಲ್ಲ. ಆದರೆ ಟಿಕೆಟ್ ಮಾಡಿಸುವ ಮೊದಲು ಮುಂದಿನ ಭಾನುವಾರ ಇಲ್ಲಿಗೆ ಬಾ. ಘಟಕದ ಕೀಲಿ ಯಾರ ಹತ್ತಿರ ಇದೆ ಅಂತ ನಾಲ್ಕು ದಿನದಿಂದ ಹುಡುಕುತ್ತಿದ್ದೇನೆ. ಒಬ್ಬರು ಇನ್ನೊಬ್ಬರ ಮನೆ ತೋರಿಸುತ್ತಿದ್ದಾರೆ. ಇಬ್ಬರಿದ್ದರೆ ಬೇಗ ಸಿಗಬಹುದು. ಬರುವಾಗ ಮಿರ್ಚಿ ಮಂಡಕ್ಕಿ ಕಟ್ಟಿಸಿಕೊಂಡು ಬಾ.

ನಿನ್ನ,
ಹಲ್ಲು ಮುಚ್ಚಿಕೊಳ್ಳುವ ಗೆಳೆಯ